ಬೇವಿನ ಮರದ ಕೆಳಗೆ ಕುದಿಯುತ್ತಿದ್ದ ಕಾರು

ಇಂಡಿಯಿಂದ ಸೋಲಾಪುರದವರೆಗೆ, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, ಹಿಂದಿನ ಸೀಟಿನ ತುಂಬ ನಿಂಬೆಹಣ್ಣಿನ ಬುಟ್ಟಿ ಹೇರಿಕೊಂಡು ಹೋದರೂ ಕುದಿಯದ ಕಾರು, ಹೂವಿನ ಹಿಪ್ಪರಗಿ ಊರ ಹೊರಗಿನ ಬೇವಿನ ಮರದ ಹತ್ತಿರ ಬಂದೊಡನೆ ಏಕೆ ಕುದಿಯಬೇಕು?

ನೀರು ಯಾವಾಗ ಕುದಿಯುತ್ತದೆ, ಯಾವಾಗ ಕುದಿಯುವುದಿಲ್ಲ ಎಂಬುದನ್ನು ಪುಸ್ತಕದಲ್ಲಿ ಓದಿ ಬಲ್ಲವರಿಗೆಲ್ಲ ಈ ಪ್ರಶ್ನೆ ಬಹುಕಾಲ ಬಿಡಿಸಲಾಗದ ಒಗಟಾಯಿತು. ಈ ಸಾಲುಗಳನ್ನು ಬರೆದವರಿಗೂ ಆಯಿತು. ಎಲ್ಲರಿಗಿಂತ ಹೆಚ್ಚಾಗಿ ಅದು ಕಾಡಿದ್ದು ಬಸಂತರಾಯನನ್ನು; ಏಕೆಂದರೆ ಕಾರು ಅವನ ಮಾವನದು, ಮತ್ತು ಅದು ಕುದಿದಾಗಲೆಲ್ಲ ಪಕ್ಕದ ಸೀಟಿನಲ್ಲಿ ಅವನೇ ಇರುತ್ತಿದ್ದ.

ಬಸಂತರಾಯ ಮುದ್ದೇಬಿಹಾಳದಲ್ಲಿ ರಸ್ತೆಗಳ ಓವರ್‌ಸೀಯರ್. ಮನೆ ಕೃಷ್ಣೆಯ ದಂಡೆಯ ತಂಗಡಗಿ. ಕಾರಣವಿಲ್ಲದೆ ಜಗತ್ತಿನಲ್ಲಿ ಏನೂ ನಡೆಯುವುದಿಲ್ಲ ಎಂದು ನಂಬಿದವನು. ಆ ಬೇವಿನ ಮರಕ್ಕೆ ಒಂದು ಕಾಯಿ ಒಡೆಸಿಬಿಡಿ ಎಂದ ನೆರೆಯವರ ಮೇಲೆ ರೇಗಿ, ಮರದ ಬುಡದಿಂದ ರಸ್ತೆಯ ಏರನ್ನು ಅಳೆಯಲು ಪಟ್ಟಿ ಹಿಡಿದು ಹೋದವನು. ಏರು ಅಲ್ಲಿ ಇರಲೇ ಇಲ್ಲ. ರಸ್ತೆ ರೊಟ್ಟಿ ಬಡಿಯುವ ಹಲಗೆಯಷ್ಟು ಸಪಾಟಾಗಿತ್ತು.

ಅವನ ಮಾವ ಶ್ರೀಶೈಲಪ್ಪ ಇಂಡಿಯ ನಿಂಬೆ ತೋಟದ ಒಡೆಯರು. ಎತ್ತರದ ಆಳು, ಅದಕ್ಕೆ ತಕ್ಕ ರುಮಾಲು. ರುಮಾಲು ಸಹಿತ ಕಾರಿನೊಳಗೆ ಹಿಡಿಸದ ಕಾರಣ ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ನಡೆಸುತ್ತಿದ್ದರು. ನಿಂಬೆಹಣ್ಣಿನಿಂದ ವಾಸಿಯಾಗದ ಕಾಯಿಲೆ ಇಲ್ಲವೆಂದೂ, ತಮ್ಮ ಮೂಗಿಗೆ ತಿಳಿಯದ ವಾಸನೆ ಇಲ್ಲವೆಂದೂ ಅವರಿಗೆ ಎರಡು ಗಟ್ಟಿ ನಂಬಿಕೆಗಳಿದ್ದವು. ಸೋಲಾಪುರದ ಗಿರಣಿ ಮಾಲೀಕರೊಬ್ಬರು ಕೈಬಿಟ್ಟ ಬೂದುಬಣ್ಣದ ಕಾರನ್ನು ಮನೆಗೆ ತಂದ ವರ್ಷವೇ ಅದರ ಬಿಸಿ ತೋರಿಸುವ ಮುಳ್ಳು ಕೆಟ್ಟು ನಿಂತಿತು. ರಿಪೇರಿ ಮಾಡಿಸಲಿಲ್ಲ.

"ಮುಳ್ಳ ಯಾಕ ಬೇಕ್ರಿ ಅಳಿಯಾರ? ಇಷ್ಟುದ್ದ ಮೂಗ ಕೊಟ್ಟಾನ ದೇವರು. ಕಾದ್ರ ನನಗ ವಾಸನಿ ಬರತೈತಿ."

"ವಾಸನಿ ಬರೂತನಕ ಎಂಜಿನ್ ಸುಟ್ಟಿರತೈತ್ರಿ ಮಾವಾರ."

"ಸುಟ್ಟ ವಾಸನಿ ಬ್ಯಾರೆ, ಕಾದ ವಾಸನಿ ಬ್ಯಾರೆ. ನಿಮ್ಮ ಪುಸ್ತಕದಾಗ ಮೂಗಿನ ಪಾಠ ಬರೂದಿಲ್ಲೇನ್ರಿ?"

ಆ ದಿನಗಳಲ್ಲಿ ಕಾರು ಪ್ರಾಮಾಣಿಕವಾಗಿಯೇ ಕುದಿಯುತ್ತಿತ್ತು. ಹೊರ್ತಿಯಲ್ಲಿ ಕುದಿಯಿತು, ಸಿಂದಗಿಯ ಸಂತೆಯ ನಡುವೆ ಕುದಿಯಿತು, ಬಸವನ ಬಾಗೇವಾಡಿಯಲ್ಲಿ ಮದುವೆಯ ದಿಬ್ಬಣದ ಮುಂದೆ ಹೊಗೆಯಾಡಿ ವಾಲಗದವರನ್ನು ಚೆದುರಿಸಿತು. ಕಾರಣ ಗುಟ್ಟೇನಲ್ಲ. ಇಂಡಿಯ ಅವರ ಮನೆಗೆ ಎರಡು ಬಗೆಯ ನೀರು ಬರುತ್ತಿತ್ತು: ಹಿತ್ತಲ ಬಾವಿಯ ಉಪ್ಪುಪ್ಪಾದ ಸವುಳು ನೀರು, ಊರಾಚೆಯ ಬಾವಿಯಿಂದ ಹೆಂಗಸರು ಹೊತ್ತು ತರುವ ಸೀನೀರು. ಸೀನೀರು ಕುಡಿಯಲಿಕ್ಕೆ, ಬೇಳೆ ಬೇಯಿಸಲಿಕ್ಕೆ, ಉಳಿದುದಕ್ಕೆಲ್ಲ ಸವುಳು. ಕಾರಿನ ರೇಡಿಯೇಟರು ಈ ಉಳಿದುದರಲ್ಲಿ ಸೇರಿತ್ತು. ಅದಕ್ಕೆ ಸೀನೀರು ಬೇಕೆಂದು ಶ್ರೀಶೈಲಪ್ಪ ಒಮ್ಮೆ ಬಾಯಿಬಿಟ್ಟಾಗ ಹೆಂಡತಿ ಕಸ್ತೂರೆವ್ವ ಕೊಡವನ್ನು ಸೆರಗಿನಿಂದ ಮುಚ್ಚಿದ್ದಳು.

"ನೆತ್ತಿ ಸವೆಯೂ ಹಂಗ ಹೊತ್ತ ತರ್ತೇವಿ ನಾವು. ನಿಮ್ಮ ಗಾಡಿ ಏನ ಬೇಳಿ ಬೇಯಿಸೂದೈತೇನ್ರಿ?"

ಹೀಗೆ ವರ್ಷಗಟ್ಟಲೆ ಸವುಳು ಕುಡಿದು ರೇಡಿಯೇಟರಿನ ಸಣ್ಣ ನಾಳಗಳ ಒಳಗೆ, ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಸುಣ್ಣದ ಹಕ್ಕಳೆ ಕಟ್ಟಿತು. ನೀರು ಹರಿಯಲು ದಾರಿ ಇಲ್ಲದ ಮೇಲೆ ಎಂಜಿನ್ನಿನ ಕಾವನ್ನು ಗಾಳಿಗೆ ಒಪ್ಪಿಸುವವರು ಯಾರು?

೧೯೭೪ರ ಬೇಸಿಗೆಯ ಹೊತ್ತಿಗೆ ಇದು ನಗೆಯ ವಿಷಯವಾಗಿ ಉಳಿಯಲಿಲ್ಲ. ಬಸಂತರಾಯನ ಹೆಂಡತಿ ಇಂದುಬಾಯಿ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಸೀಮಂತದ ಕುಬಸ ಮುಗಿಸಿ ಮಗಳನ್ನು ಇಂಡಿಗೆ ಕರೆದೊಯ್ಯಬೇಕು. ಶ್ರೀಶೈಲಪ್ಪನವರಿಗೆ ಅವಳೊಬ್ಬಳೇ ಮಗಳು. ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ತೊಳೆದು, ನಡುಮನೆಯ ತೊಲೆಗೆ ಕಟ್ಟಿ, ಖಾಲಿ ತೊಟ್ಟಿಲನ್ನೇ ಬಂದು ಹೋಗುವಾಗ ಒಮ್ಮೊಮ್ಮೆ ತೂಗಿ ಹೋಗುತ್ತಿದ್ದರಂತೆ. ಕರೆಯಲು ಹೋಗುವ ಮೊದಲು ಕಾರಿನ ರೋಗಕ್ಕೆ ಮದ್ದು ಹಾಕಬೇಕೆಂದು ಅವರು ನಿಶ್ಚಯಿಸಿದರು. ಯಾವ ಮದ್ದೆಂದು ಕೇಳುವ ಅಗತ್ಯವಿಲ್ಲ. ಕಸ್ತೂರೆವ್ವ ಹಂಡೆಯ ಹಕ್ಕಳೆಯನ್ನು ನಿಂಬೆಹೋಳಿನಿಂದ ತಿಕ್ಕಿ ತೆಗೆಯುವುದನ್ನು ಅವರು ಮದುವೆಯಾದಾಗಿನಿಂದ ನೋಡಿದ್ದರು. ರೇಡಿಯೇಟರೂ ಒಂದು ಹಂಡೆ. ತೋಟದಲ್ಲಿ ಉದುರಿದ ಹಣ್ಣುಗಳನ್ನೆಲ್ಲ ಹಿಂಡಿಸಿ, ಸೋಸಿ, ರೇಡಿಯೇಟರಿನ ಬಾಯಿತನಕ ತುಂಬಿ, ಎಂಜಿನ್ ಚಾಲೂ ಮಾಡಿ ರುಮಾಲು ಕಟ್ಟಿಕೊಂಡು ನಿಂತರು.

ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇರಲಿಲ್ಲ. ಹುಳಿ ಸುಣ್ಣವನ್ನು ಕರಗಿಸುತ್ತದೆ, ಕರಗಿಸಿತು. ಮರುದಿನ ಕೆಳಗಿನ ನಳ ಬಿಚ್ಚಿದಾಗ ಗಂಜಿಯಂಥ ಬಿಳಿ ನೀರು ಇಳಿಯಿತು. ಶ್ರೀಶೈಲಪ್ಪ ಓಣಿಯವರನ್ನು ಕರೆದು ತೋರಿಸಿದರು. ಅವರು ಎಣಿಸದೆ ಇದ್ದ ಸಂಗತಿ ಒಂದೇ: ಆ ಹಳೆಯ ತಗಡಿನಲ್ಲಿ ಇದ್ದ ತೂತುಗಳನ್ನೆಲ್ಲ ಇಷ್ಟು ದಿನ ಮುಚ್ಚಿ ಹಿಡಿದಿದ್ದುದು ಅದೇ ಹಕ್ಕಳೆ. ಹೊಸ ನೀರು ತುಂಬಿದೊಡನೆ ರೇಡಿಯೇಟರು ಜರಡಿಯಂತೆ ಎಲ್ಲ ಕಡೆಯಿಂದ ಸೋರತೊಡಗಿತು.

ಯಾರೋ ಅರಿಷಿಣ ಹಾಕಿರಿ ಎಂದರು. ಅರಿಷಿಣದ ಪುಡಿ ತೂತಿನಲ್ಲಿ ಸಿಕ್ಕಿ ಉಬ್ಬಿ ಸೋರಿಕೆ ನಿಲ್ಲಿಸುತ್ತದೆ ಎಂಬುದು ಲಾರಿಯವರ ನಂಬಿಕೆ, ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಶ್ರೀಶೈಲಪ್ಪನವರಿಗೆ ಸ್ವಲ್ಪ ಎಂಬುದು ಗೊತ್ತಿರಲಿಲ್ಲ. ಒಂದು ಡಬ್ಬಿ ಸುರಿದರು. ಕುಬಸದ ದಿನ ಅವರ ಕಾರು ತಂಗಡಗಿಯ ಓಣಿಯನ್ನು ಹೊಕ್ಕಾಗ ಅದರ ಮೂತಿಯಿಂದ ಹಳದಿ ಹಬೆ ಏಳುತ್ತಿತ್ತು, ಬಾನೆಟ್ಟಿನ ಅಂಚಿನಿಂದ ಹಳದಿ ನೊರೆ ಇಳಿಯುತ್ತಿತ್ತು, ಸುತ್ತಲೂ ಹುಳಿಸಾರು ಕುದಿಯುವ ವಾಸನೆ.

ಬಸಂತರಾಯನ ತಾಯಿ ಲಕ್ಕವ್ವ ಬಾಗಿಲಲ್ಲಿ ನಿಂತು ನೋಡಿದಳು. ಮಾತಿನಲ್ಲಿ ಯಾರಿಗೂ ಸಾಲ ಉಳಿಸಿಕೊಂಡವಳಲ್ಲ.

"ಬೀಗರ, ಆರತಿ ಮೊದಲ ನಿಮಗ ಎತ್ತೂದೋ, ಗಾಡಿಗೆ ಎತ್ತೂದೋ? ಅರಿಷಿಣಾ ಹಚಗೊಂಡು ಮದಮಗಳಂಗ ಬಂದೈತಿ."

"ಅಕ್ಕಾರ, ಅದು ಔಷಧರಿ."

"ಒಗ್ಗರಣಿ ಒಂದ ಕಡಿಮಿ ಆಗೇತಿ ನೋಡ್ರಿ."

ನೆರೆದವರೆಲ್ಲ ನಕ್ಕರು, ಶ್ರೀಶೈಲಪ್ಪನವರೂ ನಕ್ಕರು. ಬಸಂತರಾಯ ಬಗ್ಗಿ ನೋಡಿ, ಹಕ್ಕಳೆ ತೂತನ್ನು ಹಿಡಿದಿದ್ದ ಬಗೆಯನ್ನು ವಿವರಿಸಿದ.

"ಹಂಗಾದ್ರ ಹೊಲಸೇ ಗಟ್ಟಿ ಹಿಡಿದಿತ್ತು ಅನ್ರಿ," ಎಂದರು ಮಾವ. "ನಿಮ್ಮ ಇಲಾಖಿಯವ್ರು ಬಳದ ಗ್ವಾಡಿ ಇದ್ದಂಗ. ಸುಣ್ಣಾ ಇರೂತನಕ ನಿಂತಿರತೈತಿ."

ಕುಬಸ ಚೆನ್ನಾಗಿಯೇ ಆಯಿತು. ಆದರೆ ಹೊರಡುವ ಮಾತು ಬಂದಾಗ ಲಕ್ಕವ್ವನ ದನಿ ಬದಲಾಯಿತು. ಈಗ ಅವಳು ನಗುತ್ತಿರಲಿಲ್ಲ.

"ಬಸರಿ ಹೆಂಗಸನ್ನ ಈ ಗಾಡಿಯಾಗ ಕಳಸೂದಿಲ್ರಿ. ಎರಿಹೊಲದ ನಡುವ ಗಾಡಿ ನಿಂತ್ರ ನನ್ನ ಸೊಸಿ ಹಾದ್ಯಾಗ ಹಡೀಬೇಕೇನು? ಇಲ್ಲೇ ಹಡೀಲಿ. ನಮ್ಮಲ್ಲೂ ಸೂಲಗಿತ್ತಿ ಅದಾಳ, ಹೊಳಿ ನೀರ ಐತಿ."

ಇಂದುಬಾಯಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಶ್ರೀಶೈಲಪ್ಪ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು. ಕೊನೆಗೆ ಒಪ್ಪಂದವೊಂದು ಆಯಿತು: ಬೀಗರು ಗಾಡಿಯನ್ನು ಸರಿಯಾಗಿ ದುರಸ್ತಿ ಮಾಡಿಸಿ ತರಬೇಕು; ಲಕ್ಕವ್ವ ಮತ್ತು ಬಸಂತರಾಯ ಜೊತೆಗೆ ಬರುತ್ತಾರೆ; ದಾರಿಯಲ್ಲಿ ಒಮ್ಮೆ ಕುದಿದರೂ ಲಕ್ಕವ್ವ ಸೊಸೆಯನ್ನು ಇಳಿಸಿಕೊಂಡು ಬಸ್ಸಿನಲ್ಲಿ ತಿರುಗಿ ತಂಗಡಗಿಗೆ ಬರುತ್ತಾಳೆ, ಹೆರಿಗೆ ಅಲ್ಲೇ ಆಗುತ್ತದೆ.

ಸಿಂದಗಿಯ ಮೋದಿನಸಾಬ ಎಂಬ ಮಿಸ್ತ್ರಿ ಆ ರೇಡಿಯೇಟರನ್ನು ಬಿಚ್ಚಿ ಮೂಸಿ ನೋಡಿ, "ಇದನ್ನ ಯಾರಿಗೆ ಊಟಕ್ಕ ಬಡಸವ್ರಿದ್ರಿ ಗೌಡ್ರ?" ಎಂದು ಕೇಳಿದನಂತೆ. ಆಮೇಲೆ ನಗದೆ ಕೆಲಸ ಮಾಡಿದ. ತೂತುಗಳಿಗೆ ಬೆಸುಗೆ ಹಾಕಿದ, ನಾಳಗಳ ಒಳಗೆ ಸಲಾಕೆ ಆಡಿಸಿದ, ಬಿರಿದ ರಬ್ಬರು ಕೊಳವೆಗಳನ್ನೂ ಸಡಿಲಾದ ಫ್ಯಾನಿನ ಬೆಲ್ಟನ್ನೂ ಬದಲಿಸಿದ, ತಗಡಿನ ಸಂದುಗಳಲ್ಲಿ ಸಿಕ್ಕಿದ್ದ ಜೋಳದ ಹೊಟ್ಟು, ಸತ್ತ ಮಿಡತೆಗಳನ್ನು ಬಿಡಿಸಿದ, ಬಿಗಿಯಾದ ಹೊಸ ಮುಚ್ಚಳ ಕೂರಿಸಿದ. ನೀರನ್ನು ಮುಂಜಾನೆ ಎಂಜಿನ್ ತಣ್ಣಗಿರುವಾಗ ನೋಡಬೇಕು, ಸೀನೀರನ್ನೇ ಹಾಕಬೇಕು ಎಂದು ಹೇಳಿ, ಕಡೆಯದನ್ನು ಕೈಹಿಡಿದು ಹೇಳಿದ: "ಬಿಸಿ ಇದ್ದಾಗ ಮುಚ್ಚಳಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ. ಒಳಗ ಹಬಿ ಒತ್ತಿ ಹಿಡದಿರತೈತಿ. ತೆಗದ್ರ ಮಾರಿ ಸುಟ್ಟು ಹೋಗತೈತಿ."

ಈ ಬಾರಿ ಕಸ್ತೂರೆವ್ವ ತಾನೇ ತಲೆಯ ಮೇಲೆ ಹೊತ್ತು ತಂದ ಸೀನೀರನ್ನು ರೇಡಿಯೇಟರಿಗೆ ಸುರಿದಳು. "ಕುಡಿ, ನನ್ನ ಸವತಿ," ಎಂದಳು, "ಕುಡದು ನನ್ನ ಮಗಳನ್ನ ಕರಕೊಂಡು ಬಾ."

ಹೊರಟ ದಿನ ಬಿಸಿಲು ಬೇಗನೆ ಏರಿತು. ತಂಗಡಗಿ ಬಿಟ್ಟು ಮುದ್ದೇಬಿಹಾಳ ದಾಟುವವರೆಗೆ ಲಕ್ಕವ್ವ ಹಿಂದಿನ ಸೀಟಿನಿಂದ ಕಾರಿನ ಒಂದೊಂದು ಸದ್ದಿಗೂ ಒಂದೊಂದು ಟೀಕೆ ಹೇಳಿದಳು. ಇಂದುಬಾಯಿ ತುಟಿ ಬಿಗಿದು, ಬಾನೆಟ್ಟಿನ ಕಡೆಗೇ ಕಣ್ಣು ನೆಟ್ಟು ಕುಳಿತಿದ್ದಳು. ಬಾಗೇವಾಡಿಯಲ್ಲಿ ನೆಂಟರೊಬ್ಬರ ಮನೆಯಲ್ಲಿ ಇಳಿದರು. ಬಿಸಿಲೆಂದು ಲಕ್ಕವ್ವ ಚರಿಗೆಗಟ್ಟಲೆ ಮಜ್ಜಿಗೆ ಕುಡಿದಳು. ಕಾರು ತಣ್ಣಗೆ, ಶಿಸ್ತಿನಿಂದ ಓಡುತ್ತಿತ್ತು. ಶ್ರೀಶೈಲಪ್ಪನವರ ಮುಖದಲ್ಲಿ, ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಗೆ ಬಂದ ಹುಡುಗನ ಹಿಗ್ಗು ಇತ್ತು.

ಬಾಗೇವಾಡಿ ದಾಟಿದ ಮೇಲೆ ಡೋಣಿ ಹೊಳೆಯ ಬಯಲಿನ ಕಪ್ಪು ಎರೆಭೂಮಿ. ಜೋಳ ಕೊಯ್ದು ಬೋಳಾದ ಹೊಲಗಳು ಕಣ್ಣು ಮುಟ್ಟುವವರೆಗೂ ಹರಡಿದ್ದವು. ಒಂದು ಗಿಡದ ಮರೆಯೂ ಇಲ್ಲ. ಲಕ್ಕವ್ವನ ಮಾತು ಮೆಲ್ಲಗೆ ಕಡಿಮೆಯಾಗಿ, ಆಮೇಲೆ ನಿಂತೇಹೋಯಿತು. ಕಾರು ಗೆಲ್ಲುತ್ತಿರುವುದು ಅವ್ವನಿಗೆ ಸಹಿಸದು ಎಂದುಕೊಂಡ ಬಸಂತರಾಯ. ಶ್ರೀಶೈಲಪ್ಪ ಎದುರಿನ ಕನ್ನಡಿಯನ್ನು ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು. ಹೂವಿನ ಹಿಪ್ಪರಗಿಯ ಬೇವಿನ ಮರ ಹತ್ತಿರವಾದಾಗ ಮೂಗನ್ನು ಮೇಲೆತ್ತಿ ಗಾಳಿ ಎಳೆದರು.

"ವಾಸನಿ ಬಂತ್ರಿ ಅಳಿಯಾರ."

"ಏನೂ ಬಂದಿಲ್ರೀ ಮಾವಾರ! ನಡಸ್ರಿ!"

"ಕಾದೈತಿ."

ಮರದ ಕೆಳಗೆ ಕಾರು ನಿಂತಿತು. ಶ್ರೀಶೈಲಪ್ಪ ಇಳಿದು ಬಾನೆಟ್ ಎತ್ತಿದರು. ಅದರ ಹಿಂದೆ ಅವರು ಕಾಣದಾದರು. ಸ್ವಲ್ಪ ಹೊತ್ತಿಗೆ ಬುಸ್ಸೆಂದು ಹಬೆ ಬೇವಿನ ಎಲೆಗಳ ತನಕ ಏರಿತು, ಜೊತೆಗೆ "ಅಯ್ಯಯ್ಯೋ" ಎಂಬ ಕೂಗು. ಬಸಂತರಾಯ ಓಡಿ ನೋಡಿದರೆ, ಮಾವ ಒದ್ದೆ ಗೋಣಿತುಂಡನ್ನು ಕೆಳಗೆಸೆದು ಮಣಿಕಟ್ಟನ್ನು ಊದಿಕೊಳ್ಳುತ್ತಿದ್ದರು. ಮಿಸ್ತ್ರಿ ಅಷ್ಟು ಹೇಳಿದ್ದರೂ ಬಿಸಿಯಲ್ಲೇ ಮುಚ್ಚಳ ತೆಗೆದಿದ್ದರು.

ಕಾರಿನೊಳಗೆ ಇಂದುಬಾಯಿ ಬಿಕ್ಕಿಬಿಕ್ಕಿ ಅತ್ತಳು. ತೊಟ್ಟಿಲು, ತವರು, ಅವ್ವ, ಎಲ್ಲ ಆ ಹಬೆಯೊಡನೆ ಹೋದವೆಂದೇ ಅವಳ ಎಣಿಕೆ.

ಮರದ ಎದುರಿಗೆ ಸೈದಾಬಿ ಎಂಬ ರೈತ ಹೆಂಗಸಿನ ಮನೆ ಇತ್ತು. ಆಕೆ ಹೊರಗೆ ಬಂದು, "ಗಾಡಿಯಾಗ ಯಾಕ ಕುಂತೀರಿ ಯವ್ವಾ, ಹೆಣ್ಣಮಕ್ಕಳು ಒಳಗ ಬರ್ರಿ," ಎಂದಳು. ಲಕ್ಕವ್ವ ಸೊಸೆಯ ಕೈಹಿಡಿದು, ತನ್ನ ವಯಸ್ಸಿಗೆ ಹೊಂದದ ವೇಗದಲ್ಲಿ ಒಳಗೆ ನಡೆದಳು. ಬಸಂತರಾಯ ಬಿಸಿಲಿನಲ್ಲಿ ನಿಂತು, ತಿರುಗಿ ಹೋಗುವ ಬಸ್ಸಿಗಾಗಿ ರಸ್ತೆಯ ಉದ್ದಕ್ಕೆ ನೋಡುತ್ತಿದ್ದ.

ಲಕ್ಕವ್ವ ಎಲೆಅಡಿಕೆ ಮೆಲ್ಲುತ್ತ ಹೊರಬಂದಳು. ಮುಖ ತಿಳಿಯಾಗಿತ್ತು.

"ನೀರ ಹಾಕಿದ್ರಿಲ್ಲೋ ಬೀಗರ? ಹೊಂಡೂಣು ನಡೀರಿ."

"ಎಲ್ಲಿಗವ್ವಾ?" ಎಂದ ಬಸಂತರಾಯ. "ಕುದ್ರ ತಿರುಗಿ ಹೋಗೂದು ಅಂತ ನೀನೇ ಅಂದಿದ್ದೆಲ್ಲ?"

"ಈ ಸುಡುಬಿಸಲಾಗ ಬಸರಿ ಹುಡಿಗಿನ್ನ ಬಸ್ಸಿಗೆ ನಿಂದ್ರಸ್ಲೇನು? ಓದಿದಾಂವ ಅದಿ, ತಲ್ಯಾಗ ಏನರ ಐತಿಲ್ಲೋ? ಇಂಡಿ ಸಮೀಪ ಐತಿ, ಹೊಡೀರಿ."

ಇಂಡಿ ಅಲ್ಲಿಂದ ಸಮೀಪವೇನೂ ಇರಲಿಲ್ಲ. ಆದರೂ ಸಂಜೆಗೆ ಮುಟ್ಟಿದರು, ದಾರಿಯಲ್ಲಿ ಮತ್ತೆ ಕುದಿಯಲಿಲ್ಲ. ಇಂದುಬಾಯಿ ತವರಿನಲ್ಲೇ ಹೆತ್ತಳು, ಹೆಣ್ಣುಮಗು. ತೊಟ್ಟಿಲಿಗೆ ಕೊನೆಗೂ ಭಾರ ಬಿತ್ತು.

ಮುಂದಿನ ವರ್ಷಗಳಲ್ಲಿ ಆ ಕಾರು ಬೇರೆಲ್ಲೂ ಕುದಿಯದಿದ್ದುದೇ ಬಸಂತರಾಯನ ನೆಮ್ಮದಿ ಕೆಡಿಸಿತು. ಹೋಗಲಿ ಬರಲಿ, ಬೇವಿನ ಮರದ ಕೆಳಗೆ ಮಾತ್ರ ತಪ್ಪದೆ ಕುದಿಯುತ್ತಿತ್ತು. ಹಿಂಗಾಳಿಯೇ ಕಾರಣ ಎಂದುಕೊಂಡ. ಮಳೆಗಾಲದಲ್ಲಿ ಗಾಳಿ ತಿರುಗಿದಾಗಲೂ ಕುದಿಯಿತು. ಗಂಡಸರಿಬ್ಬರೇ ಹೋದಾಗ ಕುದಿಯುವುದಿಲ್ಲ ಎಂಬುದನ್ನು ಗಮನಿಸಿ, ಭಾರವೇ ಕಾರಣ ಎಂದ. ಮಾವನನ್ನು ಒಪ್ಪಿಸಿ ತನ್ನ ಕೈಕೆಳಗಿನ ಮೂವರು ದಪ್ಪ ಮೇಸ್ತ್ರಿಗಳನ್ನು ಹಿಂದಿನ ಸೀಟಿಗೆ ತುಂಬಿ ಅದೇ ರಸ್ತೆಯಲ್ಲಿ ಹೊರಡಿಸಿದ. ಕಾರು ಬೇವಿನ ಮರವನ್ನು ಕಣ್ಣೆತ್ತಿಯೂ ನೋಡದೆ ದಾಟಿತು. ಮಾವ ಆ ದಿನ ಕಾರಣವಿಲ್ಲದೆ ಬಹಳ ನಗುತ್ತಿದ್ದರು.

ಅವರ ಮಣಿಕಟ್ಟಿನ ಮೇಲೆ ಸುಟ್ಟ ಕಲೆಗಳು ಹೆಚ್ಚಾಗುತ್ತಲೇ ಹೋದವು. ಎಷ್ಟು ಸಲ ಹೇಳಿದರೂ ಬಿಸಿ ಮುಚ್ಚಳಕ್ಕೆ ಕೈಹಾಕುವ ಚಟ ಬಿಡಲಿಲ್ಲ. "ಬೀಗರ ಕೈ ನೋಡ್ರಿ, ಬಾಣಸಿಗರ ಕೈ ಇದ್ದಂಗ ಆಗೇತಿ," ಎಂದು ಎಲ್ಲರೆದುರು ಹೆಚ್ಚು ಜೋರಾಗಿ ಆಡಿಕೊಳ್ಳುತ್ತಿದ್ದವಳು ಲಕ್ಕವ್ವನೇ. ಅವರು ಬಾಯಿಗೆ ರುಮಾಲಿನ ಸೆರಗು ಅಡ್ಡಹಿಡಿದು ಕೇಳಿಸಿಕೊಳ್ಳುತ್ತಿದ್ದರು.

೧೯೭೯ರ ಚಳಿಗಾಲದಲ್ಲಿ ಶ್ರೀಶೈಲಪ್ಪ ತೋಟದಲ್ಲೇ, ಗಿಡದ ನೆರಳಲ್ಲಿ ಕುಳಿತಲ್ಲಿ, ಹೋದರು. ಕಾರ್ಯಗಳು ಮುಗಿದ ಮೇಲೆ ಕಸ್ತೂರೆವ್ವ ಕಾರಿನ ಕೀಲಿಯನ್ನು ಅಳಿಯನ ಕೈಗಿಟ್ಟಳು. ಇಂದುಬಾಯಿ ಮಗಳೊಡನೆ ಅವ್ವನ ಹತ್ತಿರ ಉಳಿದಳು. ತಂಗಡಗಿಗೆ ಹೊರಟವರು ಬಸಂತರಾಯ ಮತ್ತು ಲಕ್ಕವ್ವ ಇಬ್ಬರೇ.

ಮುಂಜಾನೆ ಎಂಜಿನ್ ತಣ್ಣಗಿದ್ದಾಗ ಅವನು ನೀರು ನೋಡಿದ, ಬೆಲ್ಟು ಒತ್ತಿ ನೋಡಿದ, ರೇಡಿಯೇಟರಿನ ಸಂದಿನ ಕಸ ತೆಗೆದ, ಸೀನೀರಿನ ಕೊಡವೊಂದನ್ನು ಹಿಂದೆ ಇಟ್ಟುಕೊಂಡ. ಸಿಂದಗಿ ದಾಟಿತು. ಬೇವಿನ ಮರ ದೂರದಲ್ಲಿ ಕಂಡಿತು. ಕಾರನ್ನು ನಿಧಾನ ಮಾಡಿ, ಕಿವಿಗೊಟ್ಟು, ಮಾವನ ಹಾಗೆ ಮೂಗನ್ನೂ ಎತ್ತಿ ನೋಡಿದ. ಏನೂ ಆಗಲಿಲ್ಲ. ಮರ ಹಿಂದೆ ಸರಿಯಿತು.

"ನೋಡಿದೇನವ್ವಾ," ಎಂದ, ದುಃಖದ ನಡುವೆಯೂ ತಡೆಯಲಾರದ ಹೆಮ್ಮೆಯಿಂದ. "ಕುದೀಲಿಲ್ಲ. ಎಲ್ಲಾ ಸರಿಯಾಗಿ ನೋಡಿಕೊಂಡ್ರ ಕುದಿಯೂದಿಲ್ಲ."

ಲಕ್ಕವ್ವ ಸೀಟಿನ ಅಂಚಿಗೆ ಸರಿದು, ಹಿಂದೆ ಸರಿಯುತ್ತಿದ್ದ ಮರವನ್ನೇ ತಿರುಗಿ ನೋಡುತ್ತಿದ್ದಳು.

"ಬಸಂತ, ನಿಂದ್ರಸೋ. ಹಿಂದಕ್ಕ ತಗೋ."

"ಯಾಕವ್ವಾ? ಕುದ್ದಿಲ್ಲಲ್ಲ."

"ನಿನ್ನ ಗಾಡಿ ಕುದೀಲಿಲ್ಲ ಅಂತ ನಾ ಇಲ್ಲೇ ಸಾಯ್ಲೇನು? ಹಿಂದಕ್ಕ ತಗೋ ಅಂದ್ನೆಲ್ಲ!"

ಅವನು ತಿರುಗಿಸಿ ಮರದ ಕೆಳಗೆ ನಿಲ್ಲಿಸಿದ. ಲಕ್ಕವ್ವ ಸೈದಾಬಿಯ ಮನೆಯ ಪಕ್ಕದ ಹಿತ್ತಲಿಗೆ ನೇರ ನಡೆದಳು. ಆಕೆ ತಿರುಗಿ ಬಂದು ಕಟ್ಟೆಯ ಮೇಲೆ ಕೂರುವ ಹೊತ್ತಿಗೆ ಬಸಂತರಾಯ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ.

"ಮದಲನೇ ಸಲ ಬಾಗೇವಾಡಿಯಾಗ ಮಜ್ಜಿಗಿ ಕುಡದಿದ್ದೆ," ಎಂದಳು ಲಕ್ಕವ್ವ, ಮಗನ ಮುಖ ನೋಡದೆ. "ಒಂದಕ್ಕ ಅವಸರ ಆಗಿ ಜೀವ ಹೋಗಾಕತ್ತಿತ್ತು. ಬೀಗರ ಮುಂದ ಹೆಂಗ ಬಾಯಿ ಬಿಡೂದು? ಗಾಡಿ ಕುದೀತು, ದೇವರೇ ಕುದಿಸಿದ ಅಂದಕೊಂಡೆ. ಮುಂದಿನ ಸಲ ಹಿತ್ತಲದಿಂದ ಹಣಿಕಿ ಹಾಕಿ ನೋಡ್ತೇನಿ, ಗಾಡಿ ಹಬಿ ಇಲ್ಲದ ಸುಮ್ಮ ನಿಂತೈತಿ. ನಿಮ್ಮ ಮಾವ ಗೋಣಿ ಸುತಗೊಂಡು, ಮಾರಿ ಅತ್ತಾಗ ತಿರುವಿ, ಮುಚ್ಚಳಾ ತೆಗ್ಯಾಕತ್ತಾರ. ಆವಾಗ ಎದ್ದಿತು ನೋಡ ಹಬಿ. ಮೋದಿನಸಾಬ ದುರಸ್ತಿ ಮಾಡಿದ ಮ್ಯಾಲ ಆ ಗಾಡಿ ಒಮ್ಮೀನೂ ತಾನ ಕುದ್ದಿಲ್ಲೋ."

ಒತ್ತಡದಲ್ಲಿ ಹಿಡಿದಿಟ್ಟ ಬಿಸಿನೀರು ಮುಚ್ಚಳ ತೆಗೆದ ಕ್ಷಣ ಕುದಿಯುತ್ತದೆ. ಬಸಂತರಾಯ ಇದನ್ನು ಓದಿದ್ದ. ಪರೀಕ್ಷೆಯಲ್ಲಿ ಬರೆದೂ ಇದ್ದ.

"ನನಗ ಯಾಕ ಹೇಳಲಿಲ್ಲವ್ವಾ?"

"ಏನಂತ ಹೇಳ್ಲಿ? ಅವ್ರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಗಾಡಿನ್ನ ಬೈಕೋಂತ ಕಾಲ ಕಳದ್ವಿ."

ಸೈದಾಬಿ ನೀರಿನ ತಂಬಿಗೆ ಹಿಡಿದು ಬಂದಳು. ಶ್ರೀಶೈಲಪ್ಪ ಹೋದ ಸುದ್ದಿ ಕೇಳಿ ತಂಬಿಗೆಯನ್ನು ಕೆಳಗಿಟ್ಟು ಲಕ್ಕವ್ವನ ಪಕ್ಕ ಕುಳಿತಳು. ಆಮೇಲೆ ಹಿತ್ತಲ ಕಡೆ ಕೈ ತೋರಿಸಿದಳು. ಅಲ್ಲಿ ನಿಂಬೆಯ ಬುಟ್ಟಿ ಹೆಣೆಯುವ ಬಿದಿರಿನ ಸೀಳುಗಳಿಂದ ಕಟ್ಟಿದ, ಆಳೆತ್ತರದ ತಟ್ಟಿ ಇತ್ತು. ಲಕ್ಕವ್ವ ಇಷ್ಟು ವರ್ಷ ಅದರ ಮರೆಗೆ ಹೋಗಿದ್ದಳು. ಕಟ್ಟಿದವರು ಯಾರೆಂದು ಕೇಳಿರಲಿಲ್ಲ.

"ಮಗಳನ್ನ ಕರ್ಯಾಕ ಹೊಂಟಾಗ, ನೀವು ಬರೂ ಹಿಂದಿನ ದಿನ, ಗಾಡಿಯಾಗ ಹಾಕ್ಕೊಂಡು ಬಂದು ತಾವ ನಿಂತು ಕಟ್ಟಿ ಹ್ವಾದ್ರಿ," ಎಂದಳು ಸೈದಾಬಿ. "'ಮಗಳು ಬಸರಿ ಅದಾಳ, ಬೀಗತಿ ವಯಸ್ಸಾದಾಕಿ, ಈ ಎರಿಯಾಗ ಎಲ್ಲೂ ಮರೆಗೆ ಜಾಗ ಇಲ್ಲವ್ವಾ' ಅಂದ್ರು. ಗಾಡಿ ಕುದ್ರ ಬೀಗತಿ ಮಗಳನ್ನ ತಿರುಗಿ ಒಯ್ತಾಳ ಅಂತನೂ ಅವ್ರೇ ಹೇಳಿದ್ರು. 'ಹಂಗಾದ್ರ ಸುಮ್ಮ ನಿಂದ್ರಸಿ ಇಳೀರಿ ಅನ್ರೆಲ್ಲ' ಅಂದೆ ನಾನು. 'ಹೆಂಗಸ್ರು ಹೇಳೂದಿಲ್ಲ, ಗಂಡಸ್ರು ಕೇಳೂದಿಲ್ಲ, ಗಾಡಿ ಮ್ಯಾಲ ಹಾಕ್ತೇನಿ ತಗೋ' ಅಂದ್ರು."